ಭಾರತ ಮಹಿಳಾ ಫುಟ್‌ಬಾಲ್ ಟೀಮ್: ರೆಕಾರ್ಡ್ ಟೇಬಲ್ ಓದೋದು ಹೇಗೆ

ನಮ್ಮ ಮಹಿಳಾ ಫುಟ್‌ಬಾಲ್ ಟೀಮಿನ ರೆಕಾರ್ಡ್ ತೆಗೆದ್ರೆ ಮೊದಲು ಕಣ್ಣಿಗೆ ಬೀಳೋದು ಏಷ್ಯನ್ ಕಪ್ಪಿನ ಮೂರು ಸಾಲು. 1979ರಲ್ಲಿ ರನ್ನರ್ ಅಪ್, 1981ರಲ್ಲಿ ಮೂರನೇ ಸ್ಥಾನ, 1983ರಲ್ಲಿ ಮತ್ತೆ ರನ್ನರ್ ಅಪ್. ಸ್ವಲ್ಪ ಕೆಳಗೆ ಬನ್ನಿ, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್, ಚೀನಾ ಎದುರು 0–16. ಹದಿನೈದು ವರ್ಷದಲ್ಲಿ ಇಷ್ಟು ಬಿದ್ದುಹೋದ್ರಾ ಅನ್ಸುತ್ತೆ. ಬಿದ್ದಿದ್ದು ಅರ್ಧ ನಿಜ ಅಷ್ಟೇ, ಇನ್ನರ್ಧ ಏನಂದ್ರೆ ಎದುರುಗಡೆ ಆಡೋ ಟೀಮುಗಳೇ ಬದಲಾಗಿಬಿಟ್ವು. ಬರೀ ವರ್ಷ, ಸ್ಥಾನ ಬಾಯಿಪಾಠ ಮಾಡಿದ್ರೆ ಇದು ತಲೆಗೆ ಹೋಗಲ್ಲ, ಅದಕ್ಕೇ ಈ ನೋಟ್ಸ್.

ಆಗ ಏಷ್ಯನ್ ಕಪ್ ನಡೆಸ್ತಿದ್ದಿದ್ದು ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ನೋಡ್ಕೊಳ್ಳೋ ಸಂಸ್ಥೆ) ಅಲ್ಲ, ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಅಂತ ಬೇರೆ ಸಂಸ್ಥೆ ಇತ್ತು. ನಮ್ಮಲ್ಲೂ ಹಂಗೇ, 1975ರಲ್ಲಿ ಶುರುವಾದ ವುಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾನೇ ಹೆಣ್ಮಕ್ಕಳ ಆಟ ನೋಡ್ಕೋತಿತ್ತು, ದೇಶದ ಫುಟ್‌ಬಾಲ್ ಫೆಡರೇಷನ್ ಆದ ಎಐಎಫ್‌ಎಫ್‌ಗೂ ಇದಕ್ಕೂ ಸಂಬಂಧ ಇರ್ಲಿಲ್ಲ. 1979ರ ಟೂರ್ನಮೆಂಟ್ ಆಗಿದ್ದು ಕೇರಳದ ಕಲ್ಲಿಕೋಟೆಯಲ್ಲಿ. ಅಲ್ಲಿ ಯಾರ್ಯಾರು ಆಡಿದ್ರು ನೋಡಿದ್ರೆ ಮಜಾ ಇದೆ, ಭಾರತದಿಂದಲೇ ಎರಡು ಟೀಮು, ದಕ್ಷಿಣದ್ದು ಒಂದು ಉತ್ತರದ್ದು ಒಂದು, ಜೊತೆಗೆ ವೆಸ್ಟರ್ನ್ ಆಸ್ಟ್ರೇಲಿಯಾ ಅಂತ ಒಂದು ರಾಜ್ಯದ ಟೀಮು ಬೇರೆ! ಫೈನಲ್‌ನಲ್ಲಿ ಚೈನೀಸ್ ತೈಪೆ ಅಂದ್ರೆ ತೈವಾನ್ ನಮ್ಮನ್ನ 2–0 ಸೋಲಿಸ್ತು. 1983ರ ಫೈನಲ್‌ನಲ್ಲಿ ಸೋತಿದ್ದು ಥಾಯ್ಲೆಂಡ್‌ಗೆ, ಅವರದೇ ಊರಲ್ಲಿ. ಈ ಥಾಯ್ಲೆಂಡ್ ಹೆಸರು ನೆನಪಲ್ಲಿರ್ಲಿ, ಮುಂದೆ ಮತ್ತೆ ಮತ್ತೆ ಬರುತ್ತೆ.

ಮುಖ್ಯ ಪಾಯಿಂಟ್ ಇದು: ಈ ಟೂರ್ನಿಗಳಲ್ಲಿ ಚೀನಾ ಇರಲೇ ಇಲ್ಲ. ತೈವಾನ್ ಇರೋ ಕಡೆ ಚೀನಾ ಬರಲ್ಲ ಅನ್ನೋ ರಾಜಕೀಯ. 1986ರಲ್ಲಿ ಲೇಡೀಸ್ ಕಾನ್ಫೆಡರೇಷನ್ ಎಎಫ್‌ಸಿ ಒಳಗೆ ಸೇರ್ಕೊಳ್ತು, ಚೀನಾ ಬಂತು, ಬಂದ ವರ್ಷವೇ ಕಪ್ ತಗೊಂಡು 1999ರ ತನಕ ಸತತ ಏಳು ಸಲ ಗೆದ್ದು ಕೂತ್ಕೊಳ್ತು. ಅಂದ ಮಾತ್ರಕ್ಕೆ 79–83ರ ಟೀಮು ಸುಮ್ನೆ ಅಂತಲ್ಲ. ಸೌಲಭ್ಯ ಅಂತ ಹೇಳ್ಕೊಳ್ಳೋಕೆ ಏನೂ ಇಲ್ಲದ ಕಾಲದಲ್ಲಿ ಆಡಿದವರು ಅವರು, ಬಂಗಾಳದ ಶಾಂತಿ ಮಲ್ಲಿಕ್‌ಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಸಿಕ್ತು, ಮಹಿಳಾ ಫುಟ್‌ಬಾಲ್‌ಗೆ ಅದೇ ಮೊದಲನೇದು. ಎಕ್ಸಾಮ್ ದೃಷ್ಟಿಯಿಂದ ಇದನ್ನ ಗುರುತು ಹಾಕ್ಕೊಳ್ಳಿ.

ತೊಂಬತ್ತರ ದಶಕದ ಶುರುವಿನಲ್ಲಿ ಆಟ ಎಐಎಫ್‌ಎಫ್ ಕೈಗೆ ಬಂತು. ಇನ್ನು ಚೆನ್ನಾಗಾಗುತ್ತೆ ಅಂತ ಅಂದ್ಕೋಬೇಕು, ಆದದ್ದು ಉಲ್ಟಾ. 2003ರ ಏಷ್ಯನ್ ಕಪ್ ಆದ್ಮೇಲೆ ಬಹಳ ವರ್ಷ ಆ ಟೂರ್ನಿಗೆ ನಾವು ಹೋಗ್ಲೇ ಇಲ್ಲ, ಮ್ಯಾಚುಗಳೂ ಕಮ್ಮಿಯಾಗ್ತಾ ಬಂದು 2009ರಲ್ಲಿ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹೆಸರು ಹೋಯ್ತು. ಒಂದೂವರೆ ವರ್ಷಕ್ಕಿಂತ ಜಾಸ್ತಿ ಯಾವ ಮ್ಯಾಚೂ ಆಡದಿದ್ರೆ ಆಗ ಪಟ್ಟಿಯಿಂದ ತೆಗೀತಿದ್ರು, ಅಂದ್ರೆ ಸೋತು ಹೋಗಿದ್ದಲ್ಲ, ಆಡದೇ ಹೋಗಿದ್ದು. ನನಗೆ ಕೇಳಿದ್ರೆ 0–16ಕ್ಕಿಂತ ನಾಚಿಕೆಗೇಡು ಇದು. ಇಂಥ ಟೈಮಲ್ಲೂ ಬಿಡದೆ ಆಡ್ಕೊಂಡು ಬಂದವರು ಮಣಿಪುರದ ಓಯಿನಾಮ್ ಬೆಂಬೆಮ್ ದೇವಿ, ಅವರಿಗೆ ಅರ್ಜುನ ಬಂದಿದ್ದು 2017ರಲ್ಲಿ, ಪದ್ಮಶ್ರೀ 2020ರಲ್ಲಿ.

2010ರಿಂದ ದಕ್ಷಿಣ ಏಷ್ಯಾದ ಕಥೆ, ಅಂದ್ರೆ ಈ ಭಾಗದ ದೇಶಗಳಷ್ಟೇ ಆಡೋ ಸ್ಯಾಫ್ ಚಾಂಪಿಯನ್‌ಶಿಪ್. ಕಾಕ್ಸ್ ಬಜಾರ್, ಕೊಲಂಬೊ, ಇಸ್ಲಾಮಾಬಾದ್, ಸಿಲಿಗುರಿ, ಬಿರಾಟ್‌ನಗರ, ಈ ಐದು ಊರಲ್ಲಿ ಆದ ಮೊದಲ ಐದೂ ಟೂರ್ನಿ ನಾವೇ ಗೆದ್ವಿ, ಕೊನೇದು 2019ರಲ್ಲಿ. ಮೊದಲ ಟೂರ್ನಿಯಲ್ಲಿ ಭೂತಾನ್‌ಗೆ 18–0 ಹೊಡೆದಿದ್ದೇ ಟೀಮಿನ ಅತಿ ದೊಡ್ಡ ಗೆಲುವು. ಸೌತ್ ಏಷ್ಯನ್ ಗೇಮ್ಸ್‌ನಲ್ಲೂ 2010, 2016, 2019 ಮೂರು ಚಿನ್ನ. ಕೇಳೋಕೆ ಭರ್ಜರಿ.

ಇದು ಮನೆ ಮುಂದಿನ ಬೀದಿ ಕ್ರಿಕೆಟ್‌ನಲ್ಲಿ ಸೆಂಚುರಿ ಹೊಡೆದಂಗೆ ಅಂತ ಕೆಲವರು ಆಡ್ಕೋತಾರೆ, ಅಷ್ಟು ಕಡೆಗಣಿಸೋದೂ ಬೇಡ ಬಿಡಿ, ಆದ್ರೆ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ನೋಡಿದ್ರೆ ಅವರ ಮಾತಲ್ಲೂ ಅರ್ಥ ಇದೆ. ಮೊದಲ ಮ್ಯಾಚು ಮಾಲ್ಡೀವ್ಸ್ ಎದುರು 15–0 ಗೆಲುವು. ಆಮೇಲೆ ದಕ್ಷಿಣ ಕೊರಿಯಾ ಎದುರು 0–10, ಥಾಯ್ಲೆಂಡ್ ಎದುರು 0–10. ಒಂದೇ ಟೀಮು, ಒಂದೇ ಟೂರ್ನಿ. ದಕ್ಷಿಣ ಏಷ್ಯಾಕ್ಕೂ ಉಳಿದ ಏಷ್ಯಾಕ್ಕೂ ಇರೋ ಅಂತರ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ, ವಿವರಣಾತ್ಮಕ ಉತ್ತರ ಬರೀವಾಗ ಈ ಮೂರು ಸ್ಕೋರ್ ಹಾಕಿದ್ರೆ ಸಾಕು.

ಬೀದಿಯಲ್ಲೂ ಆಮೇಲೆ ಲೆಕ್ಕ ತಪ್ತು ಅನ್ನಿ. 2022ರ ಸ್ಯಾಫ್‌ನಲ್ಲಿ ಬಾಂಗ್ಲಾದೇಶ ನಮ್ಮನ್ನ 3–0 ಸೋಲಿಸ್ತು, ಸೆಮಿಫೈನಲ್‌ನಲ್ಲಿ ನೇಪಾಳ 1–0. 2024ರಲ್ಲೂ ಸೆಮಿಯಲ್ಲಿ ನೇಪಾಳಕ್ಕೇ ಪೆನಾಲ್ಟಿಯಲ್ಲಿ ಸೋಲು. ಎರಡೂ ಸಲ ಕಪ್ ಬಾಂಗ್ಲಾದೇಶಕ್ಕೆ ಹೋಯ್ತು.

2022 ಒಟ್ಟಾರೆ ಕೆಟ್ಟ ವರ್ಷ. ಏಷ್ಯನ್ ಕಪ್ ನಮ್ಮಲ್ಲೇ ನಡೀತು, ಇರಾನ್ ಜೊತೆ 0–0 ಆದ್ಮೇಲೆ ಕ್ಯಾಂಪಲ್ಲಿ ಕೋವಿಡ್ ಹರಡಿ ತೈಪೆ ಎದುರು ಇಳಿಯೋಕೆ ಸಾಕಷ್ಟು ಆಟಗಾರ್ತಿಯರೇ ಇರ್ಲಿಲ್ಲ, ಟೂರ್ನಿಯಿಂದ ಹೊರಗೆ. ಆಗಸ್ಟ್‌ನಲ್ಲಿ ಎಐಎಫ್‌ಎಫ್‌ನ ಫಿಫಾ ಸಸ್ಪೆಂಡ್ ಮಾಡ್ತು, ಆಡಳಿತದ ಜಗಳ ಅದು, ಏಟು ಬಿದ್ದಿದ್ದು ಮಾತ್ರ ಉಜ್ಬೇಕಿಸ್ತಾನ್‌ಗೆ ಆಡೋಕೆ ಹೋಗಿದ್ದ ಗೋಕುಲಂ ಕೇರಳ ಕ್ಲಬ್ಬಿನ ಹುಡುಗಿಯರಿಗೆ, ಆಡದೇ ವಾಪಸ್ ಬಂದ್ರು.

ಈಗ ಗೊಂದಲ ಆಗೋ ಜಾಗ. 2025ರಲ್ಲಿ ಒಂದು ಕಡೆ "23 ವರ್ಷದ ನಂತರ ಏಷ್ಯನ್ ಕಪ್‌ಗೆ" ಅಂತ ಬಂತು, ಇನ್ನೊಂದು ಕಡೆ "ಇತಿಹಾಸದಲ್ಲೇ ಮೊದಲ ಸಲ ಅರ್ಹತೆ" ಅಂತ. ಎರಡೂ ಸರಿ. ಕ್ವಾಲಿಫೈಯರ್ ಅಂತ ಆಡಿ ಗೆದ್ದು ಒಳಗೆ ಹೋಗಿದ್ದು ಇದೇ ಮೊದಲು, 2003ರ ತನಕ ಹೋಗಿದ್ದು ಹಂಗಲ್ಲ, 2022ರಲ್ಲಿ ಆತಿಥೇಯರು ಅಂತ ಜಾಗ ಸಿಕ್ಕಿತ್ತು.

ಆ ಕ್ವಾಲಿಫೈಯರ್‌ಗೆ ಮುಂಚೆ ಕ್ಯಾಂಪ್ ಹಾಕಿದ್ದು ನಮ್ಮ ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಸೆಂಟರ್‌ನಲ್ಲಿ, ಉಜ್ಬೇಕಿಸ್ತಾನ್ ಬಂದು ಎರಡು ಫ್ರೆಂಡ್ಲಿ ಮ್ಯಾಚ್ ಆಡಿ ಹೋಯ್ತು. ಆಗ ಕೋಚ್ ಕ್ರಿಸ್ಪಿನ್ ಛೆಟ್ರಿ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಮಂಗೋಲಿಯಾಕ್ಕೆ 13–0, ತಿಮೋರ್ ಲೆಸ್ತೆಗೆ 4–0, ಇರಾಕ್‌ಗೆ 5–0. ಅತ್ತ ಥಾಯ್ಲೆಂಡ್ ಕೂಡ ಇದೇ ಮೂರು ಟೀಮುಗಳಿಗೆ ಒಟ್ಟು 22 ಗೋಲು ಹೊಡೆದು ಒಂದೂ ಬಿಟ್ಕೊಟ್ಟಿರ್ಲಿಲ್ಲ. ಅಂದ್ರೆ ಪಾಯಿಂಟ್, ಗೋಲ್ ಡಿಫರೆನ್ಸ್, ಹೊಡೆದ ಗೋಲು ಎಲ್ಲಾ ಸಮ, ಕೊನೇ ಮ್ಯಾಚು ಇವರಿಬ್ಬರ ನಡುವೆ, ಗೆದ್ದವರೊಬ್ಬರೇ ಮುಂದೆ. ಎದುರಿಗಿದ್ದವರು 2015, 2019ರ ವರ್ಲ್ಡ್ ಕಪ್ ಆಡಿದ್ದ ಟೀಮು, ಅದೂ ಅವರ ನೆಲದಲ್ಲಿ.

ಜುಲೈ 5. 28ನೇ ನಿಮಿಷಕ್ಕೆ ಸಂಗೀತಾ ಬಾಸ್ಫೋರ್ ದೂರದಿಂದ ಒದ್ದ ಬಾಲ್ ಗೋಲಾಯ್ತು. ಹಾಫ್‌ಟೈಮ್ ಮುಗಿದ ಕೂಡ್ಲೇ ಥಾಯ್ಲೆಂಡ್ ಸಮ ಮಾಡ್ತು. 74ನೇ ನಿಮಿಷಕ್ಕೆ ಮತ್ತೆ ಸಂಗೀತಾನೇ. 2–1. ಥಾಯ್ಲೆಂಡ್ ಮೇಲೆ ಭಾರತ ಅದಕ್ಕೆ ಮುಂಚೆ ಗೆದ್ದೇ ಇರ್ಲಿಲ್ಲ, ಇಂಚಿಯಾನ್‌ನ 0–10 ಪಕ್ಕ ಇದನ್ನ ಇಟ್ಟು ನೋಡಿ.

ಇದು ಹೆಂಗಾಯ್ತು ಅಂದ್ರೆ ನನ್ನ ಪ್ರಕಾರ ಎರಡು ಕಾರಣ. ಒಂದು, 2017ರಲ್ಲಿ ಶುರುವಾದ ಇಂಡಿಯನ್ ವುಮೆನ್ಸ್ ಲೀಗ್, ಎಷ್ಟೇ ಕೊರತೆ ಇದ್ರೂ ವರ್ಷವರ್ಷ ಆಡೋಕೆ ಒಂದು ಜಾಗ ಆಯ್ತು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರ ಫೈನಲ್ ತನಕ ಹೋಗಿತ್ತು, ಅಲ್ಲಿ ಗೋಕುಲಂ ಕೈಲಿ 0–5 ತಿಂತು, ಅದು ಬೇರೆ ಮಾತು. ಇನ್ನೊಂದು, ಹೊರಗೆ ಹೋಗಿ ಆಡಿದ್ದು. ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್‌ಗೆ ಹೋದ್ರು, ಪಂಜಾಬಿನ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಪರ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದ್ರು. ಇದೇ ಮನೀಷಾ 2021ರಲ್ಲಿ ಬ್ರೆಜಿಲ್ ಎದುರೂ ಒಂದು ಗೋಲ್ ಹೊಡೆದಿದ್ರು, ಮ್ಯಾಚ್ 1–6 ಸೋತ್ವಿ ಆದ್ರೂ.

ವರ್ಲ್ಡ್ ಕಪ್ ಬಗ್ಗೆ ಕೇಳಿದ್ರೆ: ಸೀನಿಯರ್ ಟೀಮು 2023ರ ತನಕದ ಒಂದು ವರ್ಲ್ಡ್ ಕಪ್ಪೂ ಆಡಿಲ್ಲ. 2022ರಲ್ಲಿ ನಮ್ಮಲ್ಲಿ ಆಡಿದ್ದು ಅಂಡರ್ 17 ವರ್ಲ್ಡ್ ಕಪ್, ಅದನ್ನ ಇದರ ಜೊತೆ ಸೇರಿಸ್ಬೇಡಿ. 2026ರ ಏಷ್ಯನ್ ಕಪ್‌ಗೆ ಆಸ್ಟ್ರೇಲಿಯಾ ಆತಿಥ್ಯ, ನಮ್ಮ ಗುಂಪಲ್ಲಿ ಬಂದಿದ್ದು ಜಪಾನ್, ವಿಯೆಟ್ನಾಂ, ಮತ್ತೆ ಕಲ್ಲಿಕೋಟೆ ಫೈನಲ್‌ನಲ್ಲಿ ನಮ್ಮನ್ನ ಸೋಲಿಸಿದ್ದ ಅದೇ ತೈಪೆ. 2027ರ ಬ್ರೆಜಿಲ್ ವರ್ಲ್ಡ್ ಕಪ್‌ಗೆ ಏಷ್ಯಾದ ದಾರಿ ಈ ಟೂರ್ನಿಯೇ: ಸೆಮಿಫೈನಲ್ ಮುಟ್ಟಿದ ನಾಲ್ಕು ಟೀಮಿಗೆ ನೇರ ಟಿಕೆಟ್, ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ಕು ಟೀಮು ಪ್ಲೇಆಫ್ ಆಡಿ ಅದರಲ್ಲಿ ಎರಡು ಟೀಮು ಹೋಗ್ಬೇಕು, ಅಲ್ಲೂ ಸೋತ ಎರಡಕ್ಕೆ ಬೇರೆ ಖಂಡದವರ ಜೊತೆ ಇನ್ನೊಂದು ಸುತ್ತು.