ಲಿಂಗನಮಕ್ಕಿ: ಒಂದಡಿ ನೀರೆಂದರೆ ಎಷ್ಟು?

ಶರಾವತಿ ನದಿಗೆ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನ ಬಗ್ಗೆ ಓದುವಾಗ ಎರಡು ದಿನ ನನ್ನನ್ನು ಕಾಡಿದ್ದು ಒಂದೇ ಲೆಕ್ಕ. ಅದು ಬಿಡಿಸಿದ ಮೇಲೆ ಹಿನ್ನೀರಿನಾಚೆಯ ತುಮರಿ, ಕಳಸವಳ್ಳಿ ಕಡೆಯ ಊರುಗಳ ಪಾಡು ಅರ್ಥವಾಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಮೊದಲು ಮಟ್ಟ. ಪತ್ರಿಕೆಗಳಲ್ಲಿ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದು 1819 ಅಡಿ ಎಂದಿರುತ್ತದೆ. 1819 ಸಮುದ್ರಮಟ್ಟದಿಂದ ಎಣಿಸಿದ್ದು, ಕೆಆರ್‌ಎಸ್‌ನದು ಸ್ಥಳೀಯ ಸೊನ್ನೆಯಿಂದ. ಲಿಂಗನಮಕ್ಕಿ ಕಟ್ಟೆಯ ಎತ್ತರ 200 ಅಡಿಯ ಆಸುಪಾಸು, ಅಷ್ಟೆ.

ನಾನು ಎಡವಿದ್ದು ಇಲ್ಲಿ. ತುಂಬಿದಾಗ ನೀರಿನ ಹರವು ಸುಮಾರು 300 ಚದರ ಕಿಲೋಮೀಟರ್. ಚದರ ಮೀಟರಿಗೆ ತರಲು ನಾನು 1000ದಿಂದ ಗುಣಿಸುತ್ತಿದ್ದೆ, ಉತ್ತರ ನಗಣ್ಯವಾಗಿ ಬರುತ್ತಿತ್ತು. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಗದ್ದೆ ಬಯಲನ್ನು ನೆನೆಯಿರಿ. ಉದ್ದಕ್ಕೆ 1000 ಮೀಟರ್, ಅಗಲಕ್ಕೆ ಮತ್ತೆ 1000 ಮೀಟರ್. ಎರಡನ್ನೂ ಗುಣಿಸಬೇಕು: 10 ಲಕ್ಷ ಚದರ ಮೀಟರ್. ಹಾಗಾದರೆ 300 ಚದರ ಕಿ.ಮೀ. ಎಂದರೆ 30 ಕೋಟಿ ಚದರ ಮೀಟರ್. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ; ಅದರಿಂದ ಗುಣಿಸಿದರೆ ಸುಮಾರು 323 ಕೋಟಿ ಚದರ ಅಡಿ. ಅದರ ಮೇಲೆ ಒಂದಡಿ ನೀರು ನಿಂತರೆ 323 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಮೇಲ್ತುದಿಯ ಒಂದೇ ಅಡಿಯಲ್ಲಿ 3.23 ಟಿಎಂಸಿ! (ಮಟ್ಟ ಇಳಿದಂತೆ ಹರವೂ ಕುಗ್ಗುತ್ತದೆ, ಆಗ ಈ ಅಂಕಿ ಬಳಸಬಾರದು.)

ಒಟ್ಟು ಸಾಮರ್ಥ್ಯ ಸುಮಾರು 151 ಟಿಎಂಸಿ. ಅದನ್ನು 3.23ರಿಂದ ಭಾಗಿಸಿದರೆ ಸರಾಸರಿ ಆಳ 47 ಅಡಿಯ ಹತ್ತಿರ. ಇದೇ ನನಗೆ ಮುಖ್ಯವಾಗಿ ಕಂಡ ಸಂಗತಿ: ಈ ನೀರು ಆಳಕ್ಕಿಂತ ಅಗಲಕ್ಕೆ ಹಬ್ಬಿದೆ. ಹಾಗಾಗಿಯೇ ಕಣಿವೆಯ ಗದ್ದೆ, ತೋಟ, ಮನೆಗಳನ್ನು ನುಂಗಿ, ಗುಡ್ಡದ ಮೇಲಿನ ಊರುಗಳನ್ನು ಸಾಗರ ಪಟ್ಟಣದಿಂದ ಬೇರೆ ಮಾಡಿತು.

ದಡವೂ ಬಹಳ ಕಡೆ ಇಳಿಜಾರು ಕಡಿಮೆಯದು. 50 ಅಡಿಗೆ ಒಂದಡಿ ಏರುವ ದಡದಲ್ಲಿ ನೀರು ಹತ್ತಡಿ ಇಳಿದರೆ ಅಂಚು 500 ಅಡಿ ಹಿಂದೆ ಸರಿಯುತ್ತದೆ. ಹಿನ್ನೀರು ದಾಟುವ ಕಡವಾದ ಹೊಳೆಬಾಗಿಲಿನಲ್ಲಿ ಲಾಂಚ್ ಬಸ್ಸನ್ನೂ ಹೊತ್ತು ದಾಟಿಸುತ್ತಿತ್ತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಕಟ್ಟೆ ಮುಗಿದ 61 ವರ್ಷಗಳ ಬಳಿಕ. ಬೆಳಕು ನಾಡಿಗೆ ಹೋಯಿತು, ಕಾಯುವುದು ಈ ಊರಿನವರ ಪಾಲಿಗೆ ಬಂತು.

ಮಡೆನೂರಿನ ಹಿರೇಭಾಸ್ಕರ ಕಟ್ಟೆಯನ್ನೂ ಸೇರಿಸಿಕೊಳ್ಳಿ. 1948ರ ವಿದ್ಯುತ್ ಯೋಜನೆಗೆ ಕಟ್ಟಿದ್ದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅದನ್ನೂ ಮುಳುಗಿಸಿತು. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಅದರ ಸೈಫನ್‌ಗಳ (ಹೆಚ್ಚಾದ ನೀರನ್ನು ತಾನಾಗಿ ಹೊರಹಾಕುವ ಕೊಳವೆಗಳ) ಸಾಲು ಇಂದಿಗೂ ಮೇಲೆ ಕಾಣುತ್ತದೆ.