ನಾಜಲ್ ಮೊದಲು ಕಟ್ಟುತ್ತದೆ

ಆಷಾಢದ ಮಳೆ ಒಂದಿಷ್ಟು ಹೊಳವಾದರೆ ಸಾಕು, ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಎಷ್ಟೇ ಸೋಸಿ ಡ್ರಮ್ಮಿಗೆ ಸುರಿದರೂ ಮರದ ಮೇಲಿಂದ ಕೂಗು ಬಂದೇ ಬರುತ್ತದೆ: ‘ನಾಜಲ್ ಕಟ್ತು ಮಾರಾಯ!’ ಬಿಚ್ಚಿ ಅಂಗೈಗೆ ತಟ್ಟಿದರೆ ಸಾಸಿವೆಗಿಂತ ಸಣ್ಣ ಸುಣ್ಣದ ಹರಳು. ಅದೇ ಸುಣ್ಣ ಪೈಪಿನ ಒಳಮೈಗೂ ಹಿಡಿದಿರುತ್ತದೆ. ಪೈಪು ದಪ್ಪ, ಬೇಗ ಗೊತ್ತಾಗುವುದಿಲ್ಲ.

ಗಂಡಸಿನ ಮೈಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ವ್ಯಾಸ 1ರಿಂದ 2 ಮಿ.ಮೀ.; ಹೃದಯದ ಸ್ನಾಯುವಿಗೆ ರಕ್ತ ಉಣಿಸುವ ಕರೋನರಿ ನಾಳದ್ದು 3ರಿಂದ 4. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ, ಕವಳದ ಜೊತೆಗಿನ ತಂಬಾಕು ನಾಳಗಳ ಒಳಪದರ ಕೆಡಿಸುವಾಗ ಎರಡನ್ನೂ ಬಿಡುವುದಿಲ್ಲ. ಸಣ್ಣದು ಮೊದಲು ದೂರು ಕೊಡುತ್ತದೆ, ಅಷ್ಟೆ. ಹೃದ್ರೋಗಿಗಳನ್ನು ಹಿಂದಿನದ್ದು ಕೆದಕಿ ಕೇಳಿದರೆ, ಎದೆನೋವಿಗೆ ಎರಡು–ಮೂರು ವರ್ಷ ಮೊದಲೇ ನಿಮಿರುವಿಕೆಯ ತೊಂದರೆ ಶುರುವಾಗಿತ್ತು ಎನ್ನುವವರು ಬಹಳ. ಎಲ್ಲರದ್ದೂ ನಾಳದ ಕಥೆಯಲ್ಲ. ಚಿಂತೆ, ಹಾರ್ಮೋನು, ನರ, ಬೇರೆ ಔಷಧಿಗಳೂ ಕಾರಣವಾಗುತ್ತವೆ. ಆದರೂ ನಲವತ್ತು ದಾಟಿದವನು ಇದಕ್ಕಾಗಿ ವೈದ್ಯರ ಹತ್ತಿರ ಹೋದರೆ ಸಕ್ಕರೆ, ಕೊಲೆಸ್ಟರಾಲ್, ಬಿ.ಪಿ. ನೋಡಿಸಿಕೊಂಡೇ ಬರಬೇಕು.

ಹೋಗುವುದಾದರೂ ಯಾರು? ಸಾಗರದವನು ಸೊರಬದ ಮೆಡಿಕಲ್ ಶಾಪಿಗೆ, ಸೊರಬದವನು ಸಾಗರಕ್ಕೆ. ಚೀಟಿಯಿಲ್ಲದೆ ಕೊಡಬಾರದ ಮಾತ್ರೆ ಕಾಗದದ ಪೊಟ್ಟಣದಲ್ಲಿ ಜೇಬು ಸೇರುತ್ತದೆ.

ತಮಾಷೆಯೆಂದರೆ ಈ ಮಾತ್ರೆ ಹುಟ್ಟಿದ್ದೇ ಹೃದಯಕ್ಕಾಗಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದವರು ಸಿಲ್ಡೆನಾಫಿಲ್ ಮಾಡಿದ್ದು ಆಂಜೈನಾ ಎಂಬ ಎದೆನೋವಿಗೆ. 1990ರ ದಶಕದ ಆರಂಭದ ಪರೀಕ್ಷೆಗಳಲ್ಲಿ ಎದೆನೋವಿಗೆ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ನುಂಗಿದವರು ಮಾತ್ರ ಇನ್ನೊಂದು ಸುದ್ದಿ ಹೇಳಿದರು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ವಯಾಗ್ರಾ ಎಂಬ ಹೆಸರಿನಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷದ ವೈದ್ಯಕೀಯ ನೊಬೆಲ್ ಹೋಗಿದ್ದು, ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್‌ನ ಗುಟ್ಟು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ. ಆ ಬಹುಮಾನ ಇಟ್ಟ ಆಲ್‌ಫ್ರೆಡ್ ನೊಬೆಲ್‌ಗೆ ದುಡ್ಡು ಬಂದದ್ದು ನೈಟ್ರೋಗ್ಲಿಸರಿನ್ ತುಂಬಿದ ಡೈನಮೈಟಿನಿಂದ; ಕೊನೆಗಾಲದಲ್ಲಿ ಅವನ ಎದೆನೋವಿಗೆ ವೈದ್ಯರು ಬರೆದುಕೊಟ್ಟದ್ದೂ ನೈಟ್ರೋಗ್ಲಿಸರಿನ್ನೇ.

ಅಪಾಯ ಇರುವುದೂ ಅಲ್ಲಿಯೇ. ನೈಟ್ರಿಕ್ ಆಕ್ಸೈಡ್ ಬಂದಾಗ ನಾಳದ ಸ್ನಾಯುವಿನಲ್ಲಿ ಸಿ-ಜಿ.ಎಂ.ಪಿ. ಎಂಬ ಅಣು ತಯಾರಾಗುತ್ತದೆ, ಸ್ನಾಯು ಸಡಿಲಾಗುತ್ತದೆ. ಆ ಅಣುವನ್ನು ಒಡೆದು ಖಾಲಿ ಮಾಡುವುದು ಪಿ.ಡಿ.ಇ.-5 ಎಂಬ ಕಿಣ್ವ. ಸಿಲ್ಡೆನಾಫಿಲ್, ಅದರದೇ ಜಾತಿಯ ಟಡಾಲಫಿಲ್ ಹಿಡಿದು ನಿಲ್ಲಿಸುವುದು ಈ ಕಿಣ್ವವನ್ನು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ನೈಟ್ರೋಗ್ಲಿಸರಿನ್ನಿನ ಹಾಗೆಯೇ ನೈಟ್ರೇಟ್ ಜಾತಿಯದು; ಅದು ಇನ್ನೊಂದು ಕಡೆಯಿಂದ ನೈಟ್ರಿಕ್ ಆಕ್ಸೈಡ್ ಸುರಿಯುತ್ತದೆ. ಮೇಲೆ ಕೆರೆಯ ತೂಬು ಎತ್ತಿ, ಕೆಳಗೆ ತೋಟದ ಬಸಿಗಾಲುವೆಗೆ ಮಣ್ಣು ಹಾಕಿದ ಹಾಗೆ. ನಾಳಗಳೆಲ್ಲ ಒಮ್ಮೆಗೇ ಹಿಗ್ಗಿ ಬಿ.ಪಿ. ಪಾತಾಳಕ್ಕೆ ಇಳಿಯುತ್ತದೆ, ಮೊದಲೇ ಸೋತ ಹೃದಯಕ್ಕೆ ರಕ್ತವೇ ಸಿಗದೆ ಜೀವ ಹೋಗಬಹುದು. ನೈಟ್ರೇಟ್ ತೆಗೆದುಕೊಳ್ಳದವರಲ್ಲಿ, ಹೃದಯ ಸ್ಥಿರವಾಗಿದ್ದರೆ, ಈ ಮಾತ್ರೆ ಹೃದಯಾಘಾತ ಹೆಚ್ಚಿಸುವುದಿಲ್ಲ. ‘ವಯಾಗ್ರಾ ತಿಂದ, ಹಾರ್ಟ್ ನಿಂತಿತು’ ಎಂಬ ಕಟ್ಟೆಪುರಾಣ ಅರ್ಧ ಸತ್ಯ. ಶ್ರಮದ ಲೆಕ್ಕವೂ ಅಷ್ಟೇನಲ್ಲ: ತೋಟದಿಂದ ಮನೆಯ ಅಂಗಳಕ್ಕೆ ಧರೆ ಹತ್ತಿ ಬಂದರೂ ಎದೆ ಹಿಡಿಯದವನಿಗೆ ಸಂಭೋಗದ ಶ್ರಮ ಸಾಮಾನ್ಯವಾಗಿ ಭಾರವಾಗದು.

‘ಶಕ್ತಿವರ್ಧಕ’ ಲೇಹ್ಯ, ಪುಡಿಗಳ ಮೇಲೆ ನನಗೆ ಹೆಚ್ಚು ಸಿಟ್ಟು. ಗಿಡಮೂಲಿಕೆ ಎಂದು ಮಾರುವ ಇಂಥ ಸರಕಿನಲ್ಲಿ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ತಿಂದವನಿಗೇ ತಾನೇನು ತಿಂದೆ ಎಂದು ಗೊತ್ತಿರುವುದಿಲ್ಲ.

ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟಬಾರದು. ಎದೆ ಹಿಡಿದು ಕೂತವನ ಬಾಯಿಗೆ ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಇಟ್ಟುಬಿಡುತ್ತಾರೆ. ರಾತ್ರಿ ಒಂದು ಗಂಟೆಗೆ, ಘಾಟಿಯ ತಿರುವು ದಾಟಿ ಜೀಪಿನಲ್ಲಿ ಬಂದವನನ್ನು ‘ಬೇರೆ ಏನಾದರೂ ಮಾತ್ರೆ ತಗೊಂಡಿದ್ದೀರಾ?’ ಎಂದು ಕೇಳಿದರೆ, ಪಕ್ಕದಲ್ಲಿ ನಿಂತ ಮಗನ ಮುಖ ನೋಡಿ ‘ಇಲ್ಲ’ ಎನ್ನುತ್ತಾನೆ. ಪಳಗಿದ ವೈದ್ಯರು ಮೊದಲು ಮಗನನ್ನು ಚೀಟಿ ಮಾಡಿಸಲು ಹೊರಗೆ ಕಳಿಸುತ್ತಾರೆ. ಆಮೇಲೆ ಇನ್ನೊಮ್ಮೆ ಕೇಳುತ್ತಾರೆ.