ಎಚ್‌ಐವಿ ಮಾತ್ರೆ ಒಂದು ಕಡೆ, ಕುಡಿತದ ಚಿಕಿತ್ಸೆ ಇನ್ನೊಂದು ಕಡೆ: ಹೀಗೆ ಯಾಕಾಯ್ತು?

ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಎಚ್‌ಐವಿ ಮಾತ್ರೆಗೆ ಎಆರ್‌ಟಿ ಕೇಂದ್ರ ಇದೆ. ಮನಸ್ಸಿನ ತೊಂದರೆಗೆ ಬೇರೆ ವಿಭಾಗ, ಇಲ್ಲವೇ ಧಾರವಾಡದ ಡಿಮ್ಹಾನ್ಸ್. ಕುಡಿತ ಬಿಡಿಸಬೇಕು ಅಂದ್ರೆ ವ್ಯಸನಮುಕ್ತಿ ಕೇಂದ್ರ ಹುಡುಕಬೇಕು. ಈ ಮೂರೂ ಕಷ್ಟ ಒಬ್ಬರಿಗೇ ಬಂದರೆ? ರೋಣ ಕಡೆಯಿಂದಲೋ ಹಿರೇಕೆರೂರಿನಿಂದಲೋ ಬರುವ ಕೂಲಿಯವರಿಗೆ ಪ್ರತಿ ಓಡಾಟಕ್ಕೂ ಒಂದು ದಿನದ ಪಗಾರ ಹೋಗುತ್ತದೆ, ಮೇಲೆ ಬಸ್ ಚಾರ್ಜು.

ಈ ಮೂರು ದಾರಿ ಹುಟ್ಟಿದ್ದೇ ಬೇರೆ ಬೇರೆ ಕಾಲದಲ್ಲಿ. ಧಾರವಾಡದ ಹುಚ್ಚಾಸ್ಪತ್ರೆ ಶುರುವಾಗಿದ್ದು 1845ರಲ್ಲಿ, ಅದೇ ಮುಂದೆ ಡಿಮ್ಹಾನ್ಸ್ ಆಯಿತು. ಮನಸ್ಸಿನ ಚಿಕಿತ್ಸೆಯನ್ನು ಊರೂರಿಗೆ ಒಯ್ಯಬೇಕು ಅಂತ 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, ಜಿಲ್ಲಾ ಮಟ್ಟದ ಮೊದಲ ಪ್ರಯೋಗ ನಮ್ಮ ಬಳ್ಳಾರಿಯಲ್ಲೇ ನಡೆಯಿತು. ಎಚ್‌ಐವಿಯದು ಬೇರೆ ಕಥೆ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಸೋಂಕು ಪತ್ತೆಯಾಯಿತು, 1992ರಲ್ಲಿ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಹುಟ್ಟಿತು, 2004ರ ಏಪ್ರಿಲ್‌ನಿಂದ ಸರ್ಕಾರ ಮಾತ್ರೆ ಪುಕ್ಕಟೆ ಕೊಡತೊಡಗಿತು. ಕುಡಿತವನ್ನು ಮಾತ್ರ ಬಹಳ ದಿನ ಕೆಟ್ಟ ಚಟ ಅಂತಲೇ ನೋಡಿದರು. ಅದಕ್ಕೇ ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಬರುವುದು ಹೆಚ್ಚಾಗಿ ಸಾಮಾಜಿಕ ನ್ಯಾಯ ಸಚಿವಾಲಯದಿಂದ, ಆರೋಗ್ಯ ಇಲಾಖೆಯಿಂದಲ್ಲ.

ಇನ್ನೊಂದು ಮಾತು. ಎಚ್‌ಐವಿ ಕಾರ್ಯಕ್ರಮದಲ್ಲಿ ವ್ಯಸನ ಅಂದರೆ ಸೂಜಿಯಲ್ಲಿ ಚುಚ್ಚಿಕೊಳ್ಳುವ ಡ್ರಗ್ಸ್. ಮಣಿಪುರ, ಪಂಜಾಬ್‌ಗೆ ಅದು ಸರಿ. ನಮ್ಮ ಕಡೆ ಜಾಸ್ತಿ ಇರುವುದು ಹೆಂಡದ ಸಮಸ್ಯೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆಯ್ತು, ಕುಡಿತ ನಿಲ್ಲಲಿಲ್ಲ.

ಇದು ಮಾತ್ರೆಗೆ ಹೇಗೆ ಪೆಟ್ಟು ಕೊಡುತ್ತದೆ ನೋಡಿ. ಎಆರ್‌ಟಿ ಕೇಂದ್ರಕ್ಕೆ ಹೋದಾಗ ಡಬ್ಬಿ ತೆಗೆದುಕೊಂಡು ಹೋಗಬೇಕು. ಉಳಿದ ಮಾತ್ರೆ ಎಣಿಸುತ್ತಾರೆ. ನೂರಕ್ಕೆ 95 ಭಾಗ ನುಂಗಿದ್ದರೆ ಸರಿ, ಜಾಸ್ತಿ ಉಳಿದಿದ್ದರೆ ಬುದ್ಧಿಮಾತು. ಯಾಕೆ ಉಳೀತು ಅಂತ ಕೇಳಿದರೆ ಎಷ್ಟೋ ಜನ ಮರೆತೆ ಅಂದುಬಿಡುತ್ತಾರೆ. ಕೆಲವರ ಮಟ್ಟಿಗೆ ನಿಜ ಏನಪ್ಪಾ ಅಂದ್ರೆ, ಹೆಂಡ ಮಾತ್ರೆ ಎರಡೂ ಕೂಡಿದರೆ ವಿಷ ಆಗುತ್ತದೆ ಅನ್ನೋ ಭಯಕ್ಕೆ ಕುಡಿದ ದಿನ ಮಾತ್ರೆ ಬಿಟ್ಟಿರುತ್ತಾರೆ. ಕುಡಿಯಬೇಡಿ ಅಂತ ನಾವು ಹೇಳಿದ್ದನ್ನೇ ಅವರು ಹೀಗೆ ಪಾಲಿಸುತ್ತಾರೆ! ಅವರಿಗೆ ಬಿಡಿಸಿ ಹೇಳಬೇಕಾದ್ದು, ಕುಡಿದಿದ್ದರೂ ಎಆರ್‌ಟಿ ಮಾತ್ರೆ ತಪ್ಪಿಸಬೇಡಿ ಅಂತ. ಪದೇ ಪದೇ ತಪ್ಪಿದರೆ ವೈರಸ್ ಔಷಧಕ್ಕೆ ಬಗ್ಗುವುದಿಲ್ಲ. ಹಿಂದೆ ಬಹಳ ಜನರಿಗೆ ಕೊಡುತ್ತಿದ್ದ ಎಫಾವಿರೆಂಜ್ ಅನ್ನೋ ಎಚ್‌ಐವಿ ಮಾತ್ರೆಯಿಂದ ಕೆಟ್ಟ ಕನಸು, ತಲೆಸುತ್ತು, ಬೇಸರ ಬರುತ್ತಿತ್ತು. ಅದರ ಸಂಕಟ ತಡೆಯೋಕೆ ಕುಡಿದವರನ್ನು ಸುಮ್ನೆ ಬೈದು ಕಳಿಸಿದರೆ ಏನು ಬಂತು? ಈಗ ಅದರ ಬದಲು ಡೊಲುಟೆಗ್ರಾವಿರ್ ಅನ್ನೋ ಮಾತ್ರೆ ಬಂದಿದೆ, ಆ ತೊಂದರೆ ಬಹಳ ಕಡಿಮೆಯಾಗಿದೆ.

ಕಾನೂನು ಎಂದೋ ದಾರಿ ತೋರಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆ ಅಂತಲೇ ಎಣಿಸುತ್ತದೆ. ಅದೇ ವರ್ಷದ ಎಚ್‌ಐವಿ ಕಾಯ್ದೆ ಪ್ರಕಾರ ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಒಪ್ಪಿಗೆ ಇಲ್ಲದೆ ಯಾರ ಸೋಂಕಿನ ವಿಷಯವನ್ನೂ ಹೊರಗೆ ಬಿಡುವಂತಿಲ್ಲ. ಸಣ್ಣ ಊರಲ್ಲಿ ಇದು ತುಂಬಾ ಮುಖ್ಯ, ಅದರಲ್ಲೂ ಮಾಜಿ ದೇವದಾಸಿಯರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ. ಮೂರು ಕಡೆ ಚೀಟಿ ಮಾಡಿಸಿದರೆ ಮೂರು ಕಡೆ ಗುಟ್ಟು ರಟ್ಟಾಗುವ ಭಯ ಅಲ್ವಾ?

ಹೊಸ ಕಟ್ಟಡ ಯಾರೂ ಕೇಳುತ್ತಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಕೆಲವು ತಾಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಕೇಂದ್ರ, ಅಂದರೆ ದೊಡ್ಡ ಎಆರ್‌ಟಿ ಕೇಂದ್ರಕ್ಕೆ ಜೋಡಿಸಿ ಮಾತ್ರೆ ಕೊಡುವ ಜಾಗವೂ ಇದೆ. ಎರಡನ್ನೂ ಒಂದೇ ದಿನಕ್ಕೆ ತರಲಿ. ಮಾತ್ರೆ ಎಣಿಸುವಾಗಲೇ ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆ ಕೇಳಲಿ, ಪಕ್ಕದ ಕೋಣೆಯಲ್ಲೇ ಮನೋವೈದ್ಯರು ಸಿಗಲಿ. ಅಲ್ಲಿಯವರೆಗೆ ಎಚ್‌ಐವಿ ಬಗ್ಗೆ 1097ಕ್ಕೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಎರಡೂ ಉಚಿತ.